ತಪ್ಪಿದ ಟ್ರಿಪ್ಪು, ತಪ್ಪಿದ ಮಾತ್ರೆ

ಬಸ್ಸಿನಲ್ಲಿ ಟಿಕೆಟ್ ಕೊಡುವ ಹೆಣ್ಣಿಗೆ ಹೊಟ್ಟೆ ಕೆಟ್ಟರೆ ಯಾರ ಹತ್ತಿರ ಹೇಳಿಕೊಳ್ಳಬೇಕು? ಬೆಳಗ್ಗೆ ಆರೂವರೆಗೆ ಡಿಪೋ ಬಿಟ್ಟ ಬಸ್ಸು ಕೊನೆಯ ನಿಲ್ದಾಣ ಮುಟ್ಟಲು ಎರಡು ಗಂಟೆ. ನಡುವೆ ಒಂದು ಶೌಚಾಲಯವೂ ಇಲ್ಲ.

ಈ ಕಂಡಕ್ಟರಮ್ಮನಿಗೆ ಮುಟ್ಟು ನಾಲ್ಕು ತಿಂಗಳು ಕಾಣುತ್ತಿರಲಿಲ್ಲ. ಕಂಡರೆ ಹದಿನೈದು ದಿನ ನಿಲ್ಲುತ್ತಿರಲಿಲ್ಲ. ಗಲ್ಲದ ಮೇಲೆ ಒರಟು ಕೂದಲು, ಎದ್ದಾಗಿನಿಂದಲೇ ಸುಸ್ತು. ಡಾಕ್ಟರಮ್ಮ ಸ್ಕ್ಯಾನು, ರಕ್ತ ಪರೀಕ್ಷೆ ಮಾಡಿಸಿ ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ಕೆಡುವ ತೊಂದರೆ, ಎಂದರು. ದಿನಕ್ಕೆ ಎರಡು ಮಾತ್ರೆ, ಊಟದ ಜೊತೆ ಎಂದು ಬರೆದುಕೊಟ್ಟರು.

ಊಟಕ್ಕೆ ಪುರುಸೊತ್ತು ಎಲ್ಲಿ? ಮೊದಲ ದಿನ ಬರೀ ಟೀ ಜೊತೆ ನುಂಗಿ ಡ್ಯೂಟಿ ಹತ್ತಿದಳು. ಮೂರನೇ ನಿಲ್ದಾಣ ದಾಟುವಷ್ಟರಲ್ಲಿ ಹೊಟ್ಟೆ ತೊಳಸಿತು, ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ. ಬಸ್ಸು ನಿಲ್ಲಿಸಿ, ಗುರುತಿಲ್ಲದ ಮನೆಯೊಂದರ ಬಾಗಿಲು ಬಡಿದು ಒಳಗೆ ಓಡಿದಳು. ಹಿಂತಿರುಗಿದಾಗ ಬಸ್ಸಿನ ತುಂಬ ಜನ ಅವಳನ್ನೇ ನೋಡುತ್ತಿದ್ದರು. ಡ್ರೈವರ್ ಒಳ್ಳೆಯವನು. ಟೈರಿನ ಗಾಳಿ ನೋಡೋಕೆ ನಿಲ್ಲಿಸಿದ್ದು ಎಂದು ಎಲ್ಲರಿಗೂ ಕೇಳುವಂತೆ ಸುಳ್ಳು ಹೇಳಿದ.

ಅಂದಿನಿಂದ ಡ್ಯೂಟಿಯ ದಿನ ಅವಳು ಮಾತ್ರೆ ಮುಟ್ಟಲಿಲ್ಲ. ಹಾಗಂತ ಬಿಟ್ಟೇಬಿಡುವ ಧೈರ್ಯವೂ ಇರಲಿಲ್ಲ. ಅವರ ಡಿಪೋದಲ್ಲಿ ಒಂದು ರೂಢಿಯಿದೆ. ಇಂದು ಒಂದು ಟ್ರಿಪ್ಪು ತಪ್ಪಿದರೆ ನಾಳೆ ಒಂದು ಹೆಚ್ಚಿಗೆ ಓಡಿಸಿ ಸರಿಮಾಡಬೇಕು. ಮಾತ್ರೆಗೂ ಅದನ್ನೇ ಹಿಡಿದಳು. ವಾರದ ರಜೆ ಬಂತೆಂದರೆ ಬೆಳಗ್ಗೆ ಎರಡು, ಸಂಜೆ ಎರಡು. ರಜೆಯೆಲ್ಲ ಚಾಪೆಗೂ ಬಚ್ಚಲಿಗೂ ಓಡಾಡುವುದರಲ್ಲೇ ಸವೆಯುತ್ತಿತ್ತು.

ಅತ್ತೆಗೆ ಇದನ್ನು ನೋಡಿ ನೋಡಿ ಸಾಕಾಯಿತು. ಔಷಧಿ ಅಂಗಡಿಯವನು ಇದು ಸಕ್ಕರೆ ಕಾಯಿಲೆಯ ಮಾತ್ರೆ ಎಂದದ್ದು ಬೇರೆ ಕಿವಿಗೆ ಬಿದ್ದಿತ್ತು. “ಸಕ್ಕರೆ ಕಾಯಿಲೆ ಇಲ್ದೋಳಿಗೆ ಸಕ್ಕರೆ ಮಾತ್ರೆ. ಕನ್ನಡೀಲಿ ಮುಖ ನೋಡ್ಕೊಂಡಿದ್ದೀಯಾ? ಇವತ್ತೇ ಎತ್ತಿ ಎಸಿ,” ಎಂದರು. ಸೊಸೆಗೆ ವಾದಿಸುವ ತ್ರಾಣವಿರಲಿಲ್ಲ. ಮಾತ್ರೆ ಬೇಕೆಂದರೆ ಕೆಲಸ ಬಿಡಬೇಕು, ಕೆಲಸ ಬೇಕೆಂದರೆ ಮಾತ್ರೆ ಬಿಡಬೇಕು ಎಂದು ಅವಳಿಗೂ ಅನಿಸತೊಡಗಿತ್ತು.

ಅದೇ ಹೊತ್ತಿಗೆ ಎದುರು ಮನೆಯ ನರ್ಸಮ್ಮ ಬಂದರು. ದಿನಾ ಇವಳ ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗುವವರು. ಹೇಗೆ ತಗೊಳ್ತಿದ್ದೀಯಮ್ಮ ಎಂದು ಕೇಳಿದರು. ಇವಳು ಮುಚ್ಚುಮರೆಯಿಲ್ಲದೆ ಹೇಳಿದಳು. ನರ್ಸಮ್ಮ ಉಳಿದ ಮಾತ್ರೆಗಳನ್ನು ಎಣಿಸಿ ನೋಡಿ ಕೇಳಿದರು.

“ನಿನ್ನೆ ಬಸ್ಸು ತಪ್ಪಿದ ಜನ ಇವತ್ತೂ ಅಲ್ಲೇ ಕಾಯ್ತಿರ್ತಾರಾ?”

“ಎಲ್ಲಿ ಕಾಯ್ತಾರೆ ಅಕ್ಕ. ನಡ್ಕೊಂಡೇ ಹೋಗಿರ್ತಾರೆ.”

“ಮಾತ್ರೆನೂ ಅಷ್ಟೇ. ನಿನ್ನೇದು ಹೋಯ್ತು. ಇವತ್ತು ಇವತ್ತಿಂದು ಮಾತ್ರ.”

ತಪ್ಪಿದ್ದಕ್ಕೆ ಸೇರಿಸಿ ನುಂಗುವುದು ಅಪಾಯ ಎಂದು ಅವರು ತಿಳಿಸಿ ಹೇಳಿದರು. ಪಿಸಿಓಎಸ್ ಇರುವ ಅನೇಕರ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದರಿಂದ ಮುಟ್ಟು ಏರುಪೇರಾಗುತ್ತದೆ, ಅದಕ್ಕೇ ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಈ ಮಾತ್ರೆ ಎಂದರು. ಶುರುವಿನಲ್ಲಿ ವಾಕರಿಕೆ, ಭೇದಿ ಹಲವರಿಗೆ ಆಗುತ್ತದಂತೆ, ಬಹಳ ಜನಕ್ಕೆ ಕೆಲವು ವಾರದಲ್ಲಿ ತಗ್ಗುತ್ತದಂತೆ.

ಅತ್ತೆ ಇನ್ನೂ ಒಪ್ಪಲಿಲ್ಲ. ಆಗ ನರ್ಸಮ್ಮ ಒಂದೇ ಮಾತು ಕೇಳಿದರು. “ಹೀಗಾಗ್ತಿದೆ ಅಂತ ಡಾಕ್ಟರಿಗೆ ಹೇಳಿದ್ದಾಳಾ?”

ಇಲ್ಲ ಎಂದಳು ಸೊಸೆ. ಕಳೆದ ಸಲ ಡಾಕ್ಟರಮ್ಮ ಕೇಳಿದ್ದರು. ಹಿಂದೆ ಅಷ್ಟು ಜನ ಕಾಯುತ್ತಿದ್ದರು. ಸರಿಯಾಗಿ ತಗೊಳ್ತಿದ್ದೀನಿ ಎಂದು ತಲೆಯಾಡಿಸಿ ಎದ್ದು ಬಂದಿದ್ದಳು.

“ನನ್ನ ಹತ್ರ ದಿನಾ ಗೋಳಾಡ್ತೀಯ, ಆ ಯಮ್ಮನ ಮುಂದೆ ಬಾಯಿಗೆ ಬೀಗ ಹಾಕ್ಕೊಂಡು ಬರ್ತೀಯ,” ಎಂದರು ಅತ್ತೆ. “ಅವರಿಗೇನು ಕನಸು ಬೀಳುತ್ತಾ? ನಡಿ, ನಾಳೆ ನಾನೇ ಬರ್ತೀನಿ.”

ಮರುದಿನ ಅತ್ತೆಯೇ ಎಲ್ಲ ಹೇಳಿದರು. ಬಸ್ಸು ನಿಲ್ಲಿಸಿದ್ದನ್ನೂ ಬಿಡಲಿಲ್ಲ. ಡಾಕ್ಟರಮ್ಮ ಬೈಯಲಿಲ್ಲ. ಹೊಟ್ಟೆ ಸುಧಾರಿಸುವವರೆಗೆ ಮಾತ್ರೆ ನಿಲ್ಲಿಸಿ, ಆಮೇಲೆ ನಿಧಾನವಾಗಿ ಕರಗುವ ಬೇರೆ ಮಾತ್ರೆಯನ್ನು ದಿನಕ್ಕೆ ಒಂದೇ, ರಾತ್ರಿ ಊಟದ ನಡುವೆ ತೆಗೆದುಕೊಳ್ಳಲು ಬರೆದರು. ಒಗ್ಗದಿದ್ದರೆ ಬೇರೆ ದಾರಿಯೂ ಇದೆ ಎಂದರು.

ಹೊಸ ಮಾತ್ರೆಗೂ ಹತ್ತು ದಿನ ಹೊಟ್ಟೆ ಗುಡುಗುಡು ಎಂದಿತು. ಆದರೆ ಮಾತ್ರೆ ಊಟದ ಜೊತೆ ರಾತ್ರಿಗೆ ಹೋಗಿದ್ದರಿಂದ ಬೆಳಗಿನ ಬಸ್ಸು ದಾರಿಯಲ್ಲಿ ನಿಲ್ಲಲಿಲ್ಲ. ಮೂರನೇ ತಿಂಗಳು ಮುಟ್ಟು ಬಂದು ಆರನೇ ದಿನ ನಿಂತಿತು. ಸುಸ್ತು ಪೂರ್ತಿ ಹೋಗಿಲ್ಲ, ಗಲ್ಲದ ಕೂದಲೂ ಹಾಗೇ ಇದೆ. ಒಂದೊಂದು ದಿನ ಇದೆಲ್ಲ ಸಾಕಪ್ಪ ಎನಿಸುತ್ತದೆ. ಆಗ ಅತ್ತೆ ತಟ್ಟೆ ಮುಂದಿಟ್ಟು, ನಾಲ್ಕು ತುತ್ತು ಇಳಿಯುವವರೆಗೆ ಮಾತ್ರೆಯನ್ನು ತಮ್ಮ ಮುಷ್ಟಿಯಲ್ಲೇ ಹಿಡಿದು ಕೂತಿರುತ್ತಾರೆ.

ಇದನ್ನು ಓದುತ್ತಿರುವ, ಪಕ್ಕದವರಿಗೆ ಓದಿ ಹೇಳುತ್ತಿರುವ ಅಕ್ಕತಂಗಿಯರೇ, ಮಾತ್ರೆ ಒಗ್ಗದಿದ್ದರೆ ನೀವಾಗಿಯೇ ಬಿಡಬೇಡಿ, ತಪ್ಪಿದ್ದನ್ನು ಸೇರಿಸಿ ನುಂಗಬೇಡಿ. ವಾಂತಿ, ಭೇದಿ ನಿಲ್ಲದಿದ್ದರೆ, ಕುಡಿದ ನೀರೂ ಹೊಟ್ಟೆಯಲ್ಲಿ ಉಳಿಯದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಹೊಟ್ಟೆಯ ಸಂಕಟ ಬಾಯಿಬಿಟ್ಟು ಹೇಳುವ ವಿಷಯವೇ. ಹಿಂದೆ ಎಷ್ಟೇ ಜನ ಕಾಯುತ್ತಿರಲಿ, ನಿಮ್ಮ ಮಾತು ಮುಗಿಯುವವರೆಗೆ ಡಾಕ್ಟರ ಮುಂದಿನ ಕುರ್ಚಿ ಬಿಟ್ಟು ಏಳಬೇಡಿ.