ಜುನಿಪರಿಗೆ ದ್ರಾಕ್ಷಿಯ ಚಾಟ್ನಿ

ಹೆಬ್ಬಾಳದ ಆಸ್ಪತ್ರೆಯಿಂದ ಫೋನು ಬಂದಾಗ ಅಪ್ಪಾಸಾಹೇಬರು ಯಲಹಂಕದ ಮನೆಯ ಮಾಳಿಗೆಯ ಮೇಲೆ ಜುನಿಪರಿಗೆ ನೀರು ಹಾಕುತ್ತಿದ್ದರು. ಕುಂಡದ ತುಂಬ ಬೇರು ಹೆಣೆದುಕೊಂಡು ನೀರು ಕೆಳಗಿಳಿಯುತ್ತಿರಲಿಲ್ಲ. ಹೆಂಡತಿ ರತ್ನವ್ವ ಹತ್ತೊಂಬತ್ತು ವರ್ಷ ಮೊಳದುದ್ದಕ್ಕೇ ನಿಲ್ಲಿಸಿ ಸಾಕಿದ ಬೋನ್ಸಾಯಿ ಅದು. ಹಾಸಿಗೆ ಹಿಡಿಯುವ ಮೊದಲು ಅವಳು ಹೇಳಿದ್ದಳು: "ಈ ಮಾಘದಾಗ ಮಣ್ಣು ಬದಲಿ ಮಾಡೂನು. ಕತ್ತರಿ ಮಾತ್ರ ಮುಂದಿನ ವರ್ಷ. ಎರಡೂ ಒಮ್ಮೆಲೆ ಮಾಡಿದ್ರ ಗಿಡ ತಾಳೂದಿಲ್ಲ."

ಹಾಗೆಂದವಳು ಬೆಳಗಿನ ಜಾವ ತೀರಿಕೊಂಡಳೆಂದು ಫೋನಿನಲ್ಲಿ ಯಾರೋ ಹೇಳಿದರು.

ವಿಜಯಪುರದ ಕಡೆಯಿಂದ ಅವಳ ತಮ್ಮ ಚನ್ನು ಬಂದ. ಮಣ್ಣು ಕೊಡುವಾಗ ಮಗುವಿನಂತೆ ಅತ್ತ. ದ್ರಾಕ್ಷಿ ತೋಟದ ಆಳು. ಸುಮ್ಮನೆ ಕೂತು ಗೊತ್ತಿಲ್ಲ. ಎಂಟನೆಯ ದಿನ ಅಪ್ಪಾಸಾಹೇಬರು ಪೂಜೆ ಮುಗಿಸಿ ಮಾಳಿಗೆ ಹತ್ತಿದರೆ ಜುನಿಪರಿನ ಕೊಂಬೆಗಳೆಲ್ಲ ಬೋಳಾಗಿದ್ದವು. ನೆತ್ತಿಯಲ್ಲಿ ಒಂದು ಹಿಡಿ ಹಸಿರು ಉಳಿದಿತ್ತು, ಅಷ್ಟೇ.

"ಅಕ್ಕನ ಗಿಡಕ್ಕ ಚಾಟ್ನಿ ಮಾಡೇನ್ರಿ ಮಾವಾರ. ಹದಿನೈದು ದಿನಕ್ಕ ಹೆಂಗ ಚಿಗರತೈತಿ ನೋಡ್ರಿ. ಈಗ ಮಣ್ಣೂ ಬದಲಿ ಮಾಡಿಬಿಡ್ತೀನಿ."

ದ್ರಾಕ್ಷಿ ಸೀಮೆಯಲ್ಲಿ ಚಾಟ್ನಿಯೆಂದರೆ ಬಳ್ಳಿಯನ್ನು ಬೋಳಿಸುವುದು; ಬೋಳು ಕಡ್ಡಿಯಿಂದಲೇ ಚಿಗುರು ಒಡೆಯುತ್ತದೆ. ಜುನಿಪರಿನ ಬೋಳು ಕೊಂಬೆ ಮತ್ತೆ ಚಿಗುರುವುದಿಲ್ಲ. ಅಪ್ಪಾಸಾಹೇಬರ ಪಿತ್ತ ನೆತ್ತಿಗೇರಿತು.

"ದ್ರಾಕ್ಷಿ ಏನಲೇ ಇದು? ಕೇಳಾಕ ಬಾಯಿರಲಿಲ್ಲ ನಿನಗ? ಕುಂಡ ಮುಟ್ಟಿದರ ಕೈ ಮುರೀತೀನಿ."

ಚನ್ನುವಿನ ಮುಖ ಕೆಂಪಾಯಿತು. "ಒಂದು ಗಿಡಕ್ಕ ಇಷ್ಟು ಸಿಟ್ಟೇನ್ರಿ? ಅಕ್ಕಗ ಜ್ವರ ಬಂದು ಎಷ್ಟು ದಿನಕ್ಕ ದವಾಖಾನಿಗೆ ಒಯ್ದ್ರಿ, ಅದನ್ನ ಹೇಳ್ರಿ ಮೊದಲ."

ಆರು ದಿನ. ಸಂಕ್ರಾಂತಿ ಮುಗಿಯಲಿ, ಲವಲವಿಕೆಯಿಂದಲೇ ಇದ್ದಾಳಲ್ಲ ಎಂದವರು ಅವರೇ. ಅಪ್ಪಾಸಾಹೇಬರು ರಾಜಾನುಕುಂಟೆಯ ನರ್ಸರಿಯ ಗಯಾಸನಿಗೆ ಫೋನು ಹಚ್ಚಿದರು. ಮಣ್ಣು ಬದಲಿಸದಿದ್ದರೆ ಬೇಸಿಗೆಯಲ್ಲಿ ಬೇರು ಉಸಿರುಗಟ್ಟುತ್ತದೆ. ಬದಲಿಸಿದರೆ ಈ ಸ್ಥಿತಿಯಲ್ಲಿ ಗಿಡ ಉಳಿಯುತ್ತದೆಯೇ ಎಂದು ಕೇಳಿದರು.

"ಮುಟ್ಲೇಬೇಡಿ ಸರ್," ಎಂದ ಗಯಾಸ್. "ಉಳ್ದಿರೋ ಎಲೆನೇ ಅದಕ್ಕೆ ಊಟ. ಮಣ್ಣು ಬದಲಿಸೋಕೆ ಬೇರೂ ಕತ್ತರಿಸಿದ್ರೆ ಮುಗೀತು. ಕಡ್ಡಿ ತಗೊಂಡು ಮಣ್ಣಲ್ಲಿ ಅಲ್ಲಲ್ಲಿ ತೂತು ಮಾಡಿ, ನೀರು ಇಳೀಲಿ. ನೆರಳಲ್ಲಿಡಿ. ಮುಂದಿನ್ ವರ್ಷ ನೋಡೋಣ."

"ಬದುಕ್ತದೇನಪ್ಪ?"

"ಈಗ್ಲೇ ಹೇಳಕ್ಕಾಗಲ್ಲ ಸರ್. ಜುನಿಪರ್ ಸತ್ರೂ ಎರಡ್ಮೂರು ತಿಂಗಳು ಹಸಿರಾಗೇ ಇರುತ್ತೆ."

ಆ ಮಾತಿಗೆ ಅಪ್ಪಾಸಾಹೇಬರು ಹಲ್ಲು ಕಚ್ಚಿದರು. ಈ ಸಿಟ್ಟು ಚನ್ನುವಿನ ಮೇಲಿನದಲ್ಲ; ನೋವು ಮುಚ್ಚಿಟ್ಟು ಲವಲವಿಕೆಯಿಂದ ಓಡಾಡಿದ ರತ್ನವ್ವನ ಮೇಲಿನದು. ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ತೂತು ಮಾಡಿದರು. ಚನ್ನು ನೀರು ತಂದು ಸುರಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೆಳಗಿಳಿದು ಕೈಕಾಲು ತೊಳೆದು, ಅಂದು ಎರಡನೆಯ ಸಲ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂತರು.

"ಶಿವನೇ, ನನ್ನ ಸಿಟ್ಟು ನನಗೇ ಇರಲಿ, ಆಕೆಗೆ ತಾಕದಿರಲಿ. ತನಗಾದ ನೋವನ್ನು ಬಾಯಿಬಿಟ್ಟು ಹೇಳದ ಜೀವ ಅದು. ನಿನ್ನ ಪಾದದ ಬಳಿ ಆಕೆಗೆ ಜಾಗ ಕೊಡು, ತಂದೆ. ಅಲ್ಲಾದರೂ ರತ್ನವ್ವ ನೆಮ್ಮದಿಯಿಂದಿರಲಿ."