‘ಗಾಳಿ’ ಪದಕ್ಕೊಂದು ವಾಕ್ಯ

ಶವಪೆಟ್ಟಿಗೆಯೊಳಕ್ಕೆ ಬಗ್ಗಿ ತಾಯಿಯ ಅಂಗಿಯ ಕುತ್ತಿಗೆ ಗುಂಡಿ ಹಾಕುತ್ತಿದ್ದ ನಿಯೆವೆಸ್, ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಿಗೆ ತಿರುಗಿದಳು. ಹಳೇ ಗಿರಣಿ ಕೊಂಡು ಊರಲ್ಲಿ ನೆಲೆಸಿದ್ದ ಇಂಗ್ಲಿಷರವನು, ಡೆಸ್ಮಂಡ್. ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಹಾಳೆ ಸಡಿಲವಾದ ಪುಸ್ತಕ.

“ಮಾನ್ಯ ನಿಯೆವೆಸ್ ಅವರೇ, ತಮ್ಮ ಮಾತೃವಿಯೋಗಕ್ಕಾಗಿ ನಾನು ತೀವ್ರವಾಗಿ ವಿಷಾದಿಸುತ್ತೇನೆ.”

“ಅಯ್ಯೋ, ವಾರ್ತೆ ಓದೋರ ಥರ ಮಾತಾಡ್ತಾನಲ್ಲೇ!” ಚಿಕ್ಕಮ್ಮ ಕಾಸಿಲ್ಡಾ ಪಿಸುಗುಟ್ಟಿದಳು. ಕಾಫಿ ಹಿಡಿದು ಕೂತಿದ್ದ ಹೆಂಗಸರು ತುಟಿ ಕಚ್ಚಿ ನಗು ನುಂಗಿದರು.

“ನನಗೆ ಸ್ಪ್ಯಾನಿಷ್ ಕಲಿಸಿದವರು ಇವರೇ” ಎಂದು ಡೆಸ್ಮಂಡ್ ಪುಸ್ತಕ ತೋರಿಸಿದ.

ಶಾಲೆಯಿಂದ ನಿವೃತ್ತಳಾದ ಮೇಲೆ ತಾಯಿ ಬೆನಿಲ್ದೆ ಮ್ಯಾಡ್ರಿಡ್‌ನ ಪ್ರಕಾಶಕರೊಬ್ಬರಿಗೆ ಬರೆದುಕೊಟ್ಟದ್ದು ಅದು. ಒಂದು ಪದ, ಅದನ್ನು ಬಳಸಿದ ಒಂದು ವಾಕ್ಯ, ಕೆಳಗೆ ಅದರ ಇಂಗ್ಲಿಷ್. ಹುಟ್ಟಿದಾಗಿನಿಂದ ಆಡುವ ಭಾಷೆ ಕಲಿಸುವ ಪುಸ್ತಕ ಮನೆಯವರಿಗೆ ಯಾಕೆ ಬೇಕು? ಯಾರೂ ತೆರೆದು ನೋಡಿರಲಿಲ್ಲ.

“ಫೆರ್ಮಿನ್ ಅವರು ಇನ್ನೂ ಆಗಮಿಸಿಲ್ಲವೇ?”

ಹೆಂಗಸರು ಕಾಫಿ ಕಪ್ಪು ಕೆಳಗಿಟ್ಟರು.

“ಯಾವ ಫೆರ್ಮಿನ್?” ಕಾಸಿಲ್ಡಾಳ ದನಿ ಗಡುಸಾಯಿತು.

“ಅವರ ಪುತ್ರ. ಪುಸ್ತಕದ ತುಂಬ ಅವರೇ ಇದ್ದಾರೆ.” ಡೆಸ್ಮಂಡ್ ಉತ್ಸಾಹದಿಂದ ಪುಟ ತಿರುವಿದ. “ಹಾಲು: ಫೆರ್ಮಿನ್‌ಗೆ ಹಾಲು ಸೇರುವುದಿಲ್ಲ. ಮೀಸೆ: ಫೆರ್ಮಿನ್‌ಗೆ ಮೀಸೆ ಮೂಡುತ್ತಿದೆ. ಬಾಡಿಗೆ: ಫೆರ್ಮಿನ್ ಮತ್ತು ಅವನ ಹೆಂಡತಿ ವಲೆನ್ಸಿಯಾದಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ. ಕನ್ನಡಕ: ಓದುವಾಗ ಫೆರ್ಮಿನ್‌ಗೆ ಈಗ…”

“ಸಾಕು ನಿಲ್ಸಪ್ಪಾ!” ಕಾಸಿಲ್ಡಾ ಎದ್ದು ನಿಂತಳು. “ನಾಲ್ಕು ವರ್ಷಕ್ಕೇ ಹೋದ ಕೂಸು ಅದು.”

*

ತೋಟದ ಆಚೆಗೇ ನೀರಿನ ಕಾಲುವೆ. ಗೇಟಿನ ಅಗುಳಿ ಹಾಕುವ ಕೆಲಸ ಒಂಬತ್ತು ವರ್ಷದ ನಿಯೆವೆಸ್‌ಳದು. ಅವತ್ತು ಮಧ್ಯಾಹ್ನ ತಮ್ಮನನ್ನು ನೀರಿನಿಂದ ಎತ್ತಿ ತಂದಾಗ ತಾಯಿ ಕೇಳಿದ್ದು ಒಂದೇ ಮಾತು: “ಅಗುಳಿ ಹಾಕಿದ್ಯೇನೇ?”

ನಿಯೆವೆಸ್ ಉತ್ತರ ಕೊಡಲಿಲ್ಲ. ಆಮೇಲೆ ಬೆನಿಲ್ದೆಯ ಬಾಯಲ್ಲಿ ಆ ಪ್ರಶ್ನೆಯೂ ಬರಲಿಲ್ಲ, ಮಗನ ಹೆಸರೂ ಬರಲಿಲ್ಲ. ನಲವತ್ತೊಂದು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ಸೂಪು ಕುಡಿದರು. ತಾಯಿ ತಲೆ ಎತ್ತಿದಾಗಲೆಲ್ಲ, ಈಗ ಕೇಳುತ್ತಾಳೆ ಎಂದು ನಿಯೆವೆಸ್ ಚಮಚ ಕೆಳಗಿಡುತ್ತಿದ್ದಳು.

*

ಡೆಸ್ಮಂಡ್‌ನಿಂದ ಪುಸ್ತಕ ಇಸಿದುಕೊಂಡು ನಿಯೆವೆಸ್ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ‘ಕಾಲುವೆ’ ಹುಡುಕಿದಳು, ಆ ಪದವೇ ಇರಲಿಲ್ಲ. ‘ಅಗುಳಿ’ಯೂ ಇಲ್ಲ. ‘ಗಾಳಿ’ಯ ಎದುರು ಮಾತ್ರ ಬೆರಳು ನಿಂತಿತು.

“ಗೇಟು ತೆರೆದದ್ದು ಗಾಳಿ, ನಿಯೆವೆಸ್ ಅಲ್ಲ.”

ಕೆಳಗಿನ ಇಂಗ್ಲಿಷ್ ಓದಲು ಬರದಿದ್ದರೂ ಅಲ್ಲಿ ತನ್ನ ಹೆಸರು ಗುರುತು ಸಿಕ್ಕಿತು.

ಅವತ್ತು ಗಾಳಿ ಇರಲಿಲ್ಲ. ಹಗ್ಗದ ಮೇಲಿನ ಬಟ್ಟೆಗಳು ಅಲುಗದೆ ನೇತಾಡುತ್ತಿದ್ದವು. ಒಣಹಾಕಿದವಳು ತಾಯಿಯೇ, ಅವಳಿಗೂ ಅದು ಗೊತ್ತಿತ್ತು.

“ನಿಯೆವೆಸ್, ಪಾದ್ರಿಗಳು ಬಂದ್ರು ಕಣೇ” ಎಂದು ಹೊರಗಿನಿಂದ ಕಾಸಿಲ್ಡಾ ಕೂಗಿದಳು.

ಸ್ಮಶಾನದಲ್ಲಿ, ಸತ್ತವರನ್ನಿಡಲು ಗೋಡೆಯಲ್ಲೇ ಕಟ್ಟಿದ ಗೂಡೊಂದರೊಳಕ್ಕೆ ಪೆಟ್ಟಿಗೆ ತಳ್ಳಿ, ಗಾರೆಯವನು ಅದರ ಬಾಯಿ ಮುಚ್ಚುವ ಕಲ್ಲು ಎತ್ತಿಕೊಂಡ.

“ಮುಚ್ಚಲಾ? ಬರೋರು ಇನ್ನೂ ಇದ್ದಾರಾ?”

“ಯಾರೂ ಇಲ್ಲ, ಮುಚ್ಚಪ್ಪ” ಎಂದಳು ಕಾಸಿಲ್ಡಾ.

“ತಡೀರಿ” ಎಂದಳು ನಿಯೆವೆಸ್. “ನನ್ನ ತಮ್ಮ ಬರ್ಬೇಕು.”

ಗಾರೆಯವನು ಕಲ್ಲು ಕೆಳಗಿಟ್ಟ. ಅವನ ಕರಣೆಯ ಮೇಲಿನ ಗಾರೆ ಒಣಗತೊಡಗಿತು. ಮೊದಲು ಡೆಸ್ಮಂಡ್, ಆಮೇಲೆ ಒಬ್ಬೊಬ್ಬರಾಗಿ ಉಳಿದವರು, ಕೊನೆಗೆ ಕಾಸಿಲ್ಡಾ ಕೂಡ, ಸೈಪ್ರೆಸ್ ಮರಗಳ ನಡುವಿನ ಖಾಲಿ ದಾರಿಯತ್ತ ತಿರುಗಿ ನಿಂತರು.