ಯಾರ ಕೈಯ ಜಾಯಿಂಟು

ನನ್ನ ಮಾವನ ವರ್ಕ್‌ಶಾಪಿನಲ್ಲಿ ಅಳಿಯಂದಿರು ಇಬ್ಬರು. ಹಿರಿಯವನು ನಾನು. ಕಿರಿಯವನು ನನ್ನ ಷಡ್ಡಕ, ನನ್ನ ಹೆಂಡತಿಯ ತಂಗಿಯ ಗಂಡ. ಮನೆಯವರೆಲ್ಲ ಅವನನ್ನು ಕಿರಿಯಳಿಯ ಎನ್ನುತ್ತಾರೆ. ನಾನು ಮನಸ್ಸಿನಲ್ಲಿ ಇಟ್ಟಿರುವ ಹೆಸರು ಬೆಣ್ಣೆ. ಅದನ್ನು ಅವನು ಯಾರಿಗೆ ಹಚ್ಚುತ್ತಾನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅವನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಮಾವ ಅವನನ್ನು ಹೊಗಳಿದ ದಿನ ನನಗೆ ಊಟ ಸೇರುವುದಿಲ್ಲ, ಅಷ್ಟೇ. ಇದನ್ನು ಹೆಂಡತಿಯ ಹತ್ತಿರ ಹೇಳಿದೆ. “ಅಳಿಯ ಅಲ್ಲ, ಮಗಳ ಗಂಡ ಅಂದಹಾಗಾಯ್ತು ನಿಮ್ಮ ಮಾತು,” ಎಂದು ನಕ್ಕಳು. ನಗಲಿ. ಅವಳ ಅಪ್ಪ ಅವಳನ್ನು ಬಿಟ್ಟು ಬೇರೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಗೊತ್ತಾಗುತ್ತಿತ್ತು.

ಗಾಡಿಯ ವೈರಿಂಗ್ ಕೆಲಸದಲ್ಲಿ ಮಾವ ಎತ್ತಿದ ಕೈ. ಕಿಟಕಿಯ ಪಕ್ಕ ಅವರದೊಂದು ಮೇಜು. ಸೋಲ್ಡರ್ ಕಡ್ಡಿಯ ಸುಟ್ಟ ಗುರುತುಗಳಿಂದ ಅದರ ಮೇಲ್ಮೈ ಕರ್ರಗಾಗಿದೆ. ಯಾವ ಗಾಡಿಯ ಯಾವ ತಂತಿ ಕೈಕೊಟ್ಟರೂ ಕೊನೆಯ ಮಾತು ಆ ಮೇಜಿನದು. ಆ ಮೇಜಿನ ಪಕ್ಕ ನಿಂತು ಅವರಿಂದ ಕೆಲಸ ಕಲಿತವನು ನಾನು, ಬೆಣ್ಣೆ ಈ ಮನೆಯ ಬಾಗಿಲನ್ನೂ ನೋಡಿರದ ಕಾಲದಲ್ಲಿ. “ವರ್ಷ ಮುಗಿಯೋದ್ರೊಳಗೆ ನಾನು ಮನೇಲಿ ಕೂತುಬಿಡ್ತೀನಿ. ಮೇಜಿಗೆ ಯಾರು ಅಂತ ಆಮೇಲೆ ಹೇಳ್ತೀನಿ,” ಎಂದು ಮಾವ ಒಂದು ದಿನ ಊಟದ ನಡುವೆ ಅಂದರು. ಆಮೇಲೆ ಯಾಕೆ? ಹಿರಿಯಳಿಯ ಎದುರಿಗೇ ಕೂತಿರುವಾಗ ಯೋಚನೆ ಮಾಡುವುದು ಏನಿದೆ?

ಏನಿದೆಯೆಂದು ನನಗೆ ಗೊತ್ತಿತ್ತು. ಕಳೆದ ವರ್ಷದಿಂದ ಮಾವ ಬೆಣ್ಣೆಯನ್ನು ಬಿಟ್ಟು ಅಲ್ಲಾಡುತ್ತಿರಲಿಲ್ಲ. ಗಾಡಿಗೆ ಮೀಟರ್ ಹಚ್ಚಿದರೆ, “ಬಾರೋ ಇಲ್ಲಿ, ಎಷ್ಟು ತೋರಿಸ್ತಿದೆ ಓದು.” ಹೊರಗೆ ಹೊರಟರೆ, “ಏಯ್ ಹಾಳಾದವನೇ, ಗಾಡಿ ತೆಗಿ.” ನನ್ನನ್ನು ಮಾತ್ರ ಬಹುವಚನದಲ್ಲಿ ಮಾತಾಡಿಸುತ್ತಾರೆ. “ಬನ್ನಿ”, “ಕೂತ್ಕೊಳ್ಳಿ”, “ನೀವೇ ನೋಡ್ಕೊಳ್ಳಿ”. ಬೈಗುಳವೂ ಅವನ ಪಾಲಿಗೇ. ಒಂದು ದಿನವಾದರೂ ಹಾಳಾದವನೇ ಅನ್ನಿಸಿಕೊಳ್ಳುವ ಯೋಗ ನನಗೆ ಬರಲಿಲ್ಲ.

ನಮ್ಮ ವರ್ಕ್‌ಶಾಪಿನಲ್ಲಿ ಮಾವನದೊಂದು ಕಾನೂನಿದೆ. ಕೆಲಸ ಕೆಡಿಸಿದವನೇ ಗಾಡಿಯವರ ಮುಂದೆ ನಿಲ್ಲಬೇಕು, ಕೆಟ್ಟದ್ದನ್ನು ಕೈಯಲ್ಲಿ ಹಿಡಿದು ತೋರಿಸಬೇಕು, “ಇದು ನನ್ನ ತಪ್ಪು” ಎಂದು ಬಾಯಿಬಿಟ್ಟು ಹೇಳಬೇಕು. ಬೇರೆಯವರು ಅವನ ಪರವಾಗಿ ಹೇಳುವಂತಿಲ್ಲ. ಹಾಗೆ ನಿಂತವನಿಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸುತ್ತದೆ. ನಾನು ನಿಂತಿದ್ದೇನೆ. ಬೆಣ್ಣೆ ಒಮ್ಮೆಯೂ ನಿಂತಿರಲಿಲ್ಲ.

ಹಾಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಲಾಂಡ್ರಿಯ ಅಕ್ಕನ ವ್ಯಾನು ವಾಪಸ್ಸು ಬಂತು.

ಈ ಅಕ್ಕ ಆಸ್ಪತ್ರೆಗಳ ಬಟ್ಟೆ ಒಗೆದು ಕೊಡುವವಳು. ಮಳೆಗಾಲದಲ್ಲಿ ಇಲಿ ತಂತಿ ಕಡಿದಿತ್ತೆಂದು ವ್ಯಾನು ನಮ್ಮಲ್ಲಿಗೆ ಬಂದು ರಿಪೇರಿಯಾಗಿತ್ತು. ಆಮೇಲೆ ಏರಿನಲ್ಲಿ ಎಳೆಯುವುದಿಲ್ಲ ಎಂಬ ದೂರು. ಹೋದ ವಾರ ಬೆಣ್ಣೆ ಪರೀಕ್ಷೆ ಮಾಡಿ, ಥ್ರಾಟಲ್ ಸೆನ್ಸರ್ ಹೋಗಿದೆ ಎಂದು ಹೇಳಿ ಹೊಸದು ಹಾಕಿದ್ದ. ಮಾವ ಅವನ ಬೆನ್ನು ತಟ್ಟಿದ್ದನ್ನು ನಾನು ಪಕ್ಕದ ಗಾಡಿಯ ಅಡಿಯಲ್ಲಿ ಮಲಗಿ ನೋಡಿದ್ದೆ.

“ಸೆನ್ಸರ್ ಬದಲಾಯಿಸಿದ ಮೇಲೆ ಚೆನ್ನಾಗೇ ಇತ್ತು,” ಅಂದಳು ಅಕ್ಕ, ಕೀಲಿಯನ್ನು ನನ್ನ ಕೈಗೆ ತುರುಕಿ. “ಇವತ್ತು ಏರಿನಲ್ಲಿ ಮತ್ತೆ ಕೈಕೊಡ್ತು. ಎಷ್ಟು ತುಳಿದ್ರೂ ಆಮೆ ಹಾಗೆ ಹೋಗುತ್ತೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ನಮ್ಮ ವಂಶದವರನ್ನೆಲ್ಲ ನೆನೆಸಿಕೊಂಡ. ಆಸ್ಪತ್ರೆಯವರು ಬಟ್ಟೆ ಎಲ್ಲಿ ಅಂತ ಕೂತಿದ್ದಾರೆ.”

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಖದಲ್ಲಿ ತೋರಿಸಲಿಲ್ಲ. “ಛೆ ಛೆ, ಕೂತ್ಕೊಳ್ಳಿ ಅಕ್ಕ. ಈ ಸಲ ನಾನೇ ನೋಡ್ತೀನಿ,” ಎಂದೆ. ನಾನೇ ಎನ್ನುವುದನ್ನು ಕಿಟಕಿಯ ಪಕ್ಕದ ಮಾವನಿಗೂ ಕೇಳುವಂತೆ ಹೇಳಿದೆ.

ಈ ಸೆನ್ಸರ್ ಎಂದರೆ ಒಬ್ಬ ಚಾಡಿಕೋರ. ಪೆಡಲ್ ತುಳಿದಾಗ ಎಂಜಿನ್ನಿಗೆ ಗಾಳಿ ಬಿಡುವ ಪುಟ್ಟ ಬಾಗಿಲೊಂದು ತೆರೆಯುತ್ತದೆ. ಎಷ್ಟು ತೆರೆದಿದೆ ಎಂದು ಎಂಜಿನ್ನಿನ ಕಂಪ್ಯೂಟರಿಗೆ ಹೇಳುವುದು ಇವನ ಕೆಲಸ. ಇವನಿಗೆ ಮೂರು ತಂತಿ. ಒಂದು ಐದು ವೋಲ್ಟ್ ತರುತ್ತದೆ, ಇನ್ನೊಂದು ಸುದ್ದಿ ಒಯ್ಯುತ್ತದೆ, ಮೂರನೆಯದು ಅರ್ಥಿಂಗ್ ತಂತಿ, ಬಂದ ಕರೆಂಟು ವಾಪಸ್ಸು ಹೋಗುವ ದಾರಿ. ಸುದ್ದಿಯ ವೋಲ್ಟೇಜು ಬಾಗಿಲು ತೆರೆದಂತೆ ಮೆಲ್ಲಗೆ ಏರಬೇಕು. ಕಾರಣವಿಲ್ಲದೆ ಹಾರಿತೋ, ಕಂಪ್ಯೂಟರ್ ಹೆದರಿ ಎಂಜಿನ್ನಿನ ಕತ್ತು ಹಿಡಿದುಬಿಡುತ್ತದೆ.

ಮೀಟರ್ ಹಚ್ಚಿದೆ. ಐದು ವೋಲ್ಟ್ ಸರಿಯಾಗಿ ಬರುತ್ತಿತ್ತು. ಸುದ್ದಿಯೂ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಿತು. ಹೊಸ ಸೆನ್ಸರ್ ಅಲ್ಲವೇ, ಸರಿಯಿಲ್ಲದೆ ಏನು? ಉಳಿದದ್ದು ಅರ್ಥಿಂಗ್. ಪ್ಲಗ್ ಕಳಚಿ ಮೀಟರಿನಲ್ಲಿ ನೋಡಿದರೆ ತಂತಿ ಈ ತುದಿಯಿಂದ ಆ ತುದಿಗೆ ಸರಿಯಾಗೇ ಇತ್ತು. ಹೆಚ್ಚಿನವರು ಇಲ್ಲಿಗೆ ಕೈತೊಳೆದುಕೊಂಡು, ಸೆನ್ಸರಿನ ತಲೆಗೆ ಕಟ್ಟುತ್ತಾರೆ. ಬೆಣ್ಣೆಯೂ ಅದನ್ನೇ ಮಾಡಿದ್ದ.

ಆದರೆ ಕರೆಂಟಿಲ್ಲದೆ ಮಲಗಿರುವ ತಂತಿಯನ್ನು ಪರೀಕ್ಷೆ ಮಾಡಿ ಏನು ಬಂತು? ಕೂತಿರುವವನನ್ನು ನೋಡಿ ಕುಂಟನೋ ಅಲ್ಲವೋ ಹೇಳಲಾಗುತ್ತದೆಯೇ? ಪ್ಲಗ್ ಮತ್ತೆ ಹಾಕಿ, ಎಂಜಿನ್ ಚಾಲೂ ಮಾಡಿದೆ. ಮೀಟರಿನ ಒಂದು ಕಡ್ಡಿಯನ್ನು ಸೆನ್ಸರಿನ ಅರ್ಥಿಂಗ್ ತಂತಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದೆ. ದಾರಿ ಸರಿಯಿದ್ದರೆ ಅಲ್ಲಿ ಸೊನ್ನೆಯ ಅಕ್ಕಪಕ್ಕ ಇರಬೇಕು. ಇತ್ತು. ಆಮೇಲೆ ತಂತಿಯ ಕಟ್ಟನ್ನು ಪ್ಲಗ್ಗಿನಿಂದ ಹಿಂದಕ್ಕೆ ಗೇಣುಗೇಣಾಗಿ ಅಲುಗಿಸುತ್ತ ಹೋದೆ. ಬ್ಯಾಟರಿಯ ತಟ್ಟೆಯ ಕೆಳಗೆ ಟೇಪ್ ಸುತ್ತಿದ್ದ ತಿರುವಿಗೆ ಕೈ ಹೋಯಿತು ನೋಡಿ, ಮೀಟರ್ ಅರ್ಧ ವೋಲ್ಟ್ ದಾಟಿ ಹಾರಿತು, ಎಂಜಿನ್ ಗೊಗ್ಗರು ಕೆಮ್ಮು ಕೆಮ್ಮಿತು. ವಾಪಸ್ಸು ಹೋಗುವ ದಾರಿ ಕಟ್ಟಿಕೊಂಡರೆ ಸುದ್ದಿಯೂ ಸುಮ್ಮನೆ ಮೇಲೇರುತ್ತದೆ. ಪಾಪ, ಸೆನ್ಸರ್ ಏನೂ ಮಾಡಿರಲಿಲ್ಲ.

“ಸಿಕ್ಕಿಬಿದ್ದೆ ಮಗನೇ!” ಎಂದು ಎಂಜಿನ್ ಆರಿಸಿದೆ. ಬೆಣ್ಣೆಯ ಮುಖ ನೋಡಲು ತಿರುಗಿದರೆ ಅವನು ಆಗಲೇ ನನ್ನ ಬೆನ್ನ ಹಿಂದೆ ನಿಂತಿದ್ದ.

“ಅಣ್ಣ, ಇದನ್ನ ನಾನು ಮಾಡ್ತೀನಿ, ನೀವು ಬಿಡಿ.”

“ಯಾಕೆ? ಹೋದ ವಾರ ಮಾಡಿದ್ದು ಸಾಲದಾ?”

“ಟೇಪ್ ಬಿಚ್ಚಬೇಡಿ, ಅಣ್ಣ. ನಿಮ್ಮ ದಮ್ಮಯ್ಯ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲಿ ಕಡಿದ ತಂತಿಗೆ ಜಾಯಿಂಟು ಹಾಕಿದವನು ಇವನೇ ಎಂದು ನನಗೆ ಖಾತ್ರಿಯಾಯಿತು. ಇವತ್ತು ಅಕ್ಕನ ಮುಂದೆ, ಮಾವನ ಮುಂದೆ ನಿಲ್ಲಲಿ. ನಿಂತು ಹೇಳಲಿ. ನಾನು ಬ್ಲೇಡ್ ತೆಗೆದುಕೊಂಡು ಟೇಪನ್ನು ಸೀಳಿದೆ.

ಸೀಳುವಾಗಲೇ ಕೈಗೆ ಏನೋ ತಡೆಯಿತು. ದಾರ. ಟೇಪಿನ ಎರಡು ತುದಿಗೂ ಮೇಣ ಹಚ್ಚಿದ ದಾರ ಸುತ್ತಿ ಗಂಟು ಹಾಕಿತ್ತು. ಎಂಜಿನ್ನಿನ ಬಿಸಿಗೆ ಟೇಪಿನ ಅಂಟು ಕರಗಿದರೂ ಬಿಚ್ಚಿಕೊಳ್ಳಬಾರದೆಂದು ಹಾಗೆ ಕಟ್ಟುವವರು ನಮ್ಮಲ್ಲಿ ಮಾವ ಒಬ್ಬರೇ. ನಮಗೆ ಅಷ್ಟು ತಾಳ್ಮೆಯಿಲ್ಲ. ಒಳಗಿನ ಜಾಯಿಂಟು ನೋಡಿದೆ. ಬೆಸೆಯಲು ಕರಗಿಸಿದ ಸೋಲ್ಡರ್, ತಂತಿಯ ಮೇಲೆ ಇರಲಿಲ್ಲ. ಪಕ್ಕದಲ್ಲಿ ಮುದ್ದೆಯಾಗಿ ಕೂತಿತ್ತು. ಅರ್ಧ ಎಳೆಗಳು ಅದನ್ನು ಮುಟ್ಟಿಯೇ ಇರಲಿಲ್ಲ, ಹಸಿರು ಕಿಲುಬು ಹಿಡಿದಿದ್ದವು. ಕಣ್ಣು ಕಾಣುವ ಯಾರೂ ಹೀಗೆ ಮಾಡಿ, ಮೇಲೆ ಟೇಪ್ ಸುತ್ತುವುದಿಲ್ಲ.

“ಎಷ್ಟು ದಿನದಿಂದ?” ಎಂದು ಬೆಣ್ಣೆಯನ್ನು ಕೇಳಿದೆ.

“ಹೋದ ವರ್ಷದಿಂದ. ನೇರ ನೋಡಿದ್ದು ಕಾಣಲ್ಲವಂತೆ, ಕಣ್ಣಂಚಿನಲ್ಲಿ ಮಾತ್ರ ಒಂಚೂರು ಕಾಣುತ್ತೆ. ಡಾಕ್ಟ್ರು ಕೈಚೆಲ್ಲಿದ್ದಾರೆ. ಮಾವ ಮಾಡಿದ್ದನ್ನೆಲ್ಲ ನಾನು ಆಮೇಲೆ ಬಿಚ್ಚಿ ಮತ್ತೆ ಹಾಕ್ತಿದ್ದೆ. ಮಳೆಗಾಲದಲ್ಲಿ ಈ ವ್ಯಾನು ಬಂದಾಗ ನಾನು ರಜದಲ್ಲಿದ್ದೆ, ಇದೊಂದು ತಪ್ಪಿಹೋಯ್ತು. ನನಗೆ ಗೊತ್ತೇ ಇರಲಿಲ್ಲ, ಸೆನ್ಸರ್ ಅಂದ್ಕೊಂಡೆ.”

“ನನಗೆ ಯಾಕೆ ಹೇಳಲಿಲ್ಲ?”

“ಆಣೆ ಹಾಕಿಸಿಕೊಂಡಿದ್ರು. ಯಾರಿಗೆ ಹೇಳಿದ್ರೂ ಹಿರಿಯಳಿಯಂದಿರಿಗೆ ಮಾತ್ರ ಹೇಳಬೇಡ ಅಂದ್ರು.”

ಮೀಟರ್ ಓದು, ಗಾಡಿ ತೆಗಿ, ಪಕ್ಕ ಕೂತ್ಕೋ. ನಾನು ಮುದ್ದು ಎಂದುಕೊಂಡಿದ್ದೆಲ್ಲ ಒಂದೊಂದಾಗಿ ಬೇರೆಯಾಗಿ ಕಾಣತೊಡಗಿತು. ಮನೆಯ ಹಿರಿಯನಿಗೆ ಕಣ್ಣು ಹೋಗಿದೆ, ನನಗೆ ಗೊತ್ತಿಲ್ಲ! ನನಗೆ ದುಃಖವಾಯಿತು ಎಂದರೆ ಅರ್ಧ ಸತ್ಯ. ಇದನ್ನೂ ಇವನ ಕೈಗೇ ಕೊಟ್ಟರಲ್ಲ ಎಂದು ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಮಾವ ಮೇಜು ಬಿಟ್ಟು ಎದ್ದು ಬಂದರು. “ಸಿಕ್ತಾ?” ಎಂದರು.

“ಅರ್ಥಿಂಗ್ ಜಾಯಿಂಟು, ಮಾವ.”

“ಯಾರ ಕೈಯದ್ದು?”

ಅಕ್ಕ ಕುರ್ಚಿಯಲ್ಲೇ ಕತ್ತು ಎತ್ತಿ ನೋಡಿದಳು. ಬೆಣ್ಣೆ ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದಿಟ್ಟ. ಅವನೇನು ಹೇಳಲು ಹೊರಟಿದ್ದಾನೆಂದು ಗೊತ್ತಾಯಿತು. ಥೂ, ಇದರಲ್ಲೂ ಇವನೇ ಮುಂದೆ ಹೋಗಬೇಕೇ? ಮಾವನ ಪಾಲಿನ ಅವಮಾನವನ್ನೂ ಇವನೇ ಹೊತ್ತು ಒಳ್ಳೆಯವನಾಗಬೇಕೇ?

“ನನ್ನದೇ, ಮಾವ,” ಎಂದುಬಿಟ್ಟೆ. “ನಾನೇ ಹಾಕಿದ್ದು.”

“ಇಲ್ಲ, ನಂದು,” ಎಂದ ಬೆಣ್ಣೆ.

“ನೀನು ಸುಮ್ನಿರಯ್ಯ! ಆವತ್ತು ನೀನು ರಜದಲ್ಲಿದ್ದೆ!”

ಮಾವ ಅಂಗೈ ಚಾಚಿದರು. ಜಾಯಿಂಟಿದ್ದ ತುಂಡನ್ನು ಕತ್ತರಿಸಿ ಕೊಡದೆ ಗತಿಯಿರಲಿಲ್ಲ. ಅವರು ಅದನ್ನು ಕಣ್ಣಿನ ಹತ್ತಿರ ಒಯ್ಯಲೇ ಇಲ್ಲ. ಹೆಬ್ಬೆರಳಿನಿಂದ ದಾರದ ಗಂಟನ್ನು ಸವರಿದರು, ಆಮೇಲೆ ಸೋಲ್ಡರಿನ ಮುದ್ದೆಯನ್ನು. ತುಂಬಾ ಹೊತ್ತು ಸವರಿದರು.

“ನಿಮಗೆ ಇಷ್ಟು ಕೆಟ್ಟದಾಗಿ ಜಾಯಿಂಟು ಹಾಕೋಕೆ ಬರಲ್ಲ,” ಎಂದರು ನನಗೆ. ಬೆಣ್ಣೆಯ ಕಡೆ ತಿರುಗಿ, “ನಿನಗೆ ಸುಳ್ಳು ಹೇಳೋಕೂ ಬರಲ್ಲ, ಹಾಳಾದವನೇ.”

ತಂತಿಯನ್ನು ಹಿಡಿದುಕೊಂಡು ಅಕ್ಕನ ಕುರ್ಚಿಯ ಮುಂದೆ ಹೋಗಿ ನಿಂತರು. ಇಡೀ ವರ್ಕ್‌ಶಾಪು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿತು. “ಇದು ನನ್ನ ತಪ್ಪು, ತಾಯಿ. ನನಗೀಗ ಕಣ್ಣು ಕಾಣಲ್ಲ. ಕಾಣುತ್ತೆ ಅಂತ ನಾಟಕ ಮಾಡ್ತಿದ್ದೆ. ಸೆನ್ಸರ್ ಕೂಡ ಸುಮ್ಮನೆ ಬದಲಾಯಿಸಿದ್ದಾಯ್ತು.”

ಅಕ್ಕ ಗಡಬಡಿಸಿ ಎದ್ದಳು. “ಅಯ್ಯೋ, ಬಿಡಿ ಯಜಮಾನ್ರೇ, ಅಷ್ಟು ದೊಡ್ಡ ಮಾತು ಯಾಕೆ? ನನಗೆ ಏರು ಹತ್ತಿದ್ರೆ ಸಾಕು.”

ಹೊಸ ಜಾಯಿಂಟು ನಾನು ಹಾಕಿದೆ. ಸೋಲ್ಡರ್ ಎಳೆಎಳೆಗೂ ಹರಿದು ಹೊಳೆಯಿತು. ಎಂಜಿನ್ ಚಾಲೂ ಮಾಡಿ, ತಂತಿಯನ್ನು ಹಿಡಿದು ಜಗ್ಗಿದರೂ ಮೀಟರ್ ಸೊನ್ನೆ ಬಿಟ್ಟು ಕದಲಲಿಲ್ಲ. ಬೆಣ್ಣೆ ಅಕ್ಕನನ್ನು ಕೂರಿಸಿಕೊಂಡು ಏರು ಹತ್ತಿಸಿ ಬಂದ. ಗಾಡಿ ಬಾಣದ ಹಾಗೆ ಹೋಯಿತಂತೆ.

ಸಂಜೆ ಮಾವ ನನ್ನನ್ನು ಕಿಟಕಿಯ ಹತ್ತಿರ ಕರೆದರು. “ಮೇಜು ನಿಮ್ಮದು. ಮೊದಲಿಂದಲೂ ನಿಮ್ಮದೇ. ನಿಮ್ಮಷ್ಟು ಕೆಲಸ ಬಲ್ಲವರನ್ನ ನಾನು ನೋಡಿಲ್ಲ. ಅಂಥವರ ಮುಂದೆ ತಡಕಾಡೋಕೆ ನಾಚಿಕೆ ಆಗ್ತಿತ್ತು. ಅದಕ್ಕೇ ಮುಚ್ಚಿಟ್ಟೆ.”

ಈ ಮಾತಿಗಾಗಿ ನಾನು ಎಷ್ಟು ವರ್ಷದಿಂದ ಬಾಯಿಬಿಟ್ಟುಕೊಂಡು ಕಾದಿದ್ದೆನೋ. ಬಂತಲ್ಲ, ತಗೊಂಡು ಸುಮ್ಮನಿರಬೇಕಿತ್ತು. ನಾಲಿಗೆ ಕೇಳಬೇಕಲ್ಲ.

“ಅವನ ಮುಂದೆ ಆಗ್ತಿರಲಿಲ್ಲವಾ, ನಾಚಿಕೆ?”

“ಅವನ ಮುಂದೆ ಎಂಥ ನಾಚಿಕೆ!” ಎಂದು ಮಾವ ನಕ್ಕರು. ಯಾವುದೋ ತಮಾಷೆ ಕೇಳಿದವರ ಹಾಗೆ ನಕ್ಕರು.

ನಾನೂ ನಕ್ಕೆ. ಎಲ್ಲರೂ ಉಪಕರಣ ಒರೆಸಿ ಎತ್ತಿಟ್ಟು, ದೀಪಗಳನ್ನು ಆರಿಸತೊಡಗಿದರು. ಬೆಣ್ಣೆ ಹಿಂದುಗಡೆ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಮಾವ ಬಾಗಿಲ ಹತ್ತಿರದ ಮೆಟ್ಟಿಲವರೆಗೆ ಬಂದು ನಿಂತು, ಇಳಿಯಲು ಪಕ್ಕಕ್ಕೆ ಕೈ ಚಾಚಿದರು. ಅಲ್ಲಿ ಯಾರೂ ಇರಲಿಲ್ಲ. ನಾನು ಓಡಿಹೋಗಿ ಆ ಕೈಯ ಕೆಳಗೆ ನಿಂತೆ. ಕೈ ನನ್ನ ಹೆಗಲ ಮೇಲೆ ಕೂತಿತು. ಒಂದು ಗಳಿಗೆ ಅಲ್ಲೇ ಇದ್ದು, ಬಟ್ಟೆಯನ್ನು ಸವರಿ, ಕಾಲರನ್ನು ಮುಟ್ಟಿ ನೋಡಿತು. ಆಮೇಲೆ ಮೆಲ್ಲಗೆ, ಮರ್ಯಾದೆಯಿಂದ ಎದ್ದಿತು.

“ಅವನೆಲ್ಲಿ?” ಎಂದು ಕೇಳಿದರು ಮಾವ.